ಕಾಂಪೌಂಡರ್ ಚಿಕ್ಕಪ್ಪ ಮತ್ತು ಮೂಳೆಬಂಡೆಯ ಹದ್ದುಗಳು

ಹೋದ ವಾರ ರಕ್ತಪರೀಕ್ಷೆಗೆಂದು ಎಲೆಕ್ಟ್ರಾನಿಕ್ ಸಿಟಿಯ ಹಿಂಬದಿಯ ರಸ್ತೆಯಲ್ಲಿರುವ ಒಂದು ಲ್ಯಾಬಿಗೆ ಹೋಗಿದ್ದೆ. ಸೂಜಿ ಹಾಕುವ ಮುಂಚೆ ಅಲ್ಲಿಯ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ಮೊಣಕೈ ಮಡಿಕೆಗೆ ಒರೆಸಿದಳು. ತಣ್ಣಗಿನ ಆ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕಣ್ಣು ತುಂಬಿಕೊಂಡಿತು. "ಇನ್ನೂ ಚುಚ್ಚೇ ಇಲ್ವಲ್ಲ ಮೇಡಂ!" ಎಂದು ಅವಳು ನಕ್ಕಳು. ನಾನೂ ನಕ್ಕೆ. ಅದು ನನ್ನ ಪಾಲಿಗೆ ಆಸ್ಪತ್ರೆಯ ವಾಸನೆಯಲ್ಲ, ನಾರಾಯಣಪ್ಪ ಚಿಕ್ಕಪ್ಪನ ವಾಸನೆ ಎಂದು ಅವಳಿಗೆ ಹೇಗೆ ಹೇಳಲಿ? ಸ್ಪಿರಿಟ್ಟು, ಅದರ ಹಿಂದೆ ಟಿಂಕ್ಚರಿನ ಘಾಟು, ಅದರ ಹಿಂದೆ ಒದ್ದೆ ಹುಲ್ಲು ಮತ್ತು ದನದ ಮೈಯ ಬಿಸಿ. ಸಂಜೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಅವನು ಒಳಗೆ ಬಂದರೆ ಅವನಿಗಿಂತ ಮುಂಚೆ ಆ ವಾಸನೆ ಪಡಸಾಲೆಗೆ ಬಂದಿರುತ್ತಿತ್ತು. ಚಿಕ್ಕಪ್ಪ ಹೋಗಿ ಎಂಟು ತಿಂಗಳಾಯಿತು. ಈ ನಡುವೆ ನನ್ನ ಮಗಳು ಸಿಂಧು ಫೋನಿಗೆ ಇನ್ನೊಂದು ಸಾಕ್ಷ್ಯಚಿತ್ರ ಕಳಿಸಿದ್ದಾಳೆ, ಅಳಿವಿನಂಚಿನ ಯಾವುದೋ ಪ್ರಾಣಿಯದು. "ಅಳು ಬರುತ್ತೆ ಅಮ್ಮ, ಆದ್ರೂ ನೋಡು" ಎಂದು ಬರೆದಿದ್ದಾಳೆ. ನೋಡಲೋ ಬೇಡವೋ ಎಂದು ಇನ್ನೂ ತೀರ್ಮಾನವಾಗಿಲ್ಲ. ನಿಮ್ಮಲ್ಲೂ ಕೆಲವರು ಇಂಥ ಚಿತ್ರ ಕಳಿಸಿದವರಿಗೆ "ನೋಡ್ತೀನಿ" ಎಂದು ಹೇಳಿ ಸುಮ್ಮನಾಗುವವರು ಇರಬಹುದು. ನನ್ನ ಕಥೆ ಅಷ್ಟು ಸರಳವಲ್ಲ. ಹೇಳಿದರೆ ನನಗಾದರೂ ಅರ್ಥವಾದೀತು ಎಂದುಕೊಂಡು ಬರೆಯಲು ಕೂತಿದ್ದೇನೆ.

ನಮ್ಮ ಮನೆ ಆನೇಕಲ್ ಕಡೆಯ ಒಂದು ಹಳ್ಳಿಯಲ್ಲಿತ್ತು. ಹಳ್ಳಿ ಈಗಲೂ ಇದೆ, ಬಸ್ಸಿನ ಬೋರ್ಡಿನ ಮೇಲೆ. ಹೆಂಚಿನ ಮನೆ, ಬಾಗಿಲು ದಾಟಿದ ಕೂಡಲೇ ಎಡಕ್ಕೆ ಕೊಟ್ಟಿಗೆ, ಬಲಕ್ಕೆ ನಾವು. ನಡುವೆ ಎದೆಮಟ್ಟದ ಒಂದು ಗೋಡೆ ಮಾತ್ರ. ಹೀಗಾಗಿ ನಾವು ಉಣ್ಣುವಾಗ ಹಸುಗಳು ನಮ್ಮನ್ನು ನೋಡುತ್ತಿದ್ದವು, ಅವು ಮೆಲುಕು ಹಾಕುವಾಗ ನಾವು ಅವನ್ನು ಕೇಳುತ್ತಿದ್ದೆವು. ಅಜ್ಜಿಯದೇ ಆಳ್ವಿಕೆ. ಎಂಟು ಹಸು, ಒಂದು ಜೋಡಿ ಎತ್ತು, ಲೆಕ್ಕಕ್ಕೆ ಸಿಗದ ಕೋಳಿಗಳು. ಮಾಗಿಯಲ್ಲಿ ಅವರೆಕಾಯಿಯ ಸೊಗಡು, ಬೇಸಗೆಯಲ್ಲಿ ಹುರಿದ ರಾಗಿಯ ವಾಸನೆ, ವರ್ಷವಿಡೀ ಗಂಜಲದ್ದು. ಬೆಳಿಗ್ಗೆ ತಪ್ಪಲೆಯ ತಳಕ್ಕೆ ಬೀಳುವ ಮೊದಲ ಹಾಲಿನ ಸದ್ದಿಗೆ ನನಗೆ ಎಚ್ಚರವಾಗುತ್ತಿತ್ತು. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ, ಅಮ್ಮ ಒಲೆ. ಅಪ್ಪನ ತಮ್ಮ ನಾರಾಯಣಪ್ಪ ಮಾತ್ರ ಸರ್ಕಾರಿ ಕೆಲಸದವನು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಸುತ್ತಲ ಹಳ್ಳಿಗಳವರು ಅವನನ್ನು ದನದ ಡಾಕ್ಟ್ರು ಎಂದೇ ಕರೆಯುತ್ತಿದ್ದರು. ಅವನು ಪ್ರತಿ ಸಲವೂ "ಡಾಕ್ಟ್ರಲ್ಲ ಕಣ್ರಪ್ಪಾ, ಕಾಂಪೌಂಡ್ರು" ಎಂದು ತಿದ್ದುತ್ತಿದ್ದ. ತಿದ್ದುವಾಗ ಅವನ ಮುಖ ಅರಳಿರುತ್ತಿತ್ತು.

ಚಿಕ್ಕಪ್ಪ ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ನಾನೇ ಅವರ ಮಗಳು ಎಂಬಂತೆ ಬೆಳೆದೆ. ಭಾನುವಾರ ಸೈಕಲ್ಲಿನ ಬಾರ್ ಮೇಲೆ ಟವೆಲ್ ಸುತ್ತಿ ನನ್ನನ್ನು ಕೂರಿಸಿಕೊಂಡು ಹಳ್ಳಿ ಹಳ್ಳಿಗೆ ಹೋಗುತ್ತಿದ್ದ. ಹಸುವಿನ ಎಡಪಕ್ಕೆಗೆ ಕಿವಿ ಇಟ್ಟು ಕಣ್ಣು ಮುಚ್ಚಿ ಆಲಿಸುತ್ತಿದ್ದ. ಆಮೇಲೆ ನನ್ನ ತಲೆಯನ್ನೂ ಅಲ್ಲಿಗೆ ಒತ್ತುತ್ತಿದ್ದ. ಒಳಗೆ ದೂರದ ಗುಡುಗು ಉರುಳಿದಂತೆ ಸದ್ದು. "ಕೇಳಿಸ್ತಾ ಸರೋಜಿ? ಗುಡುಗ್ತಾ ಇದ್ರೆ ಹಸು ಚೆನ್ನಾಗಿದೆ ಅಂತ. ಸುಮ್ನಿದ್ರೆ ಭಯ ಪಡ್ಬೇಕು." ಅವನಿಗೆ ಒಂದು ದೌರ್ಬಲ್ಯವಿತ್ತು. ಯಾರ ನೋವನ್ನೂ ನೋಡಲು ಅವನಿಂದ ಆಗುತ್ತಿರಲಿಲ್ಲ. ಅಜ್ಜಿ ಜಾರಿಬಿದ್ದು ಕೈ ಮುರಿದುಕೊಂಡಾಗ ಎಲ್ಲರಿಗಿಂತ ಮೊದಲು ಮನೆಬಿಟ್ಟು ಓಡಿದವನು ಅವನೇ. ಗಾಡಿ ತರಲು ಹೋಗಿದ್ದಾನೆ ಎಂದು ನಾವೆಲ್ಲ ತಿಳಿದೆವು. ಆದರೆ ಅವನು ಹಿತ್ತಲಿನ ಬಾವಿಕಟ್ಟೆಯ ಮೇಲೆ ಕಿವಿ ಮುಚ್ಚಿಕೊಂಡು ಕೂತಿದ್ದ.

ಗಂಗೆ ಎಂಬ ನಮ್ಮ ಹಸು ಸತ್ತಾಗ ನನಗೆ ಏಳು ವರ್ಷ. ಸತ್ತ ದನಗಳನ್ನು ಸಾಗಿಸುವುದು ಮುನಿಯಪ್ಪನ ಕೆಲಸ. ಊರು ಅದನ್ನು ಅವನ ಮನೆತನದ ತಲೆಗೆ ಕಟ್ಟಿತ್ತು. ಅವನು ನಮ್ಮ ಬಾಗಿಲ ಹೊರಗೇ ಯಾಕೆ ನಿಲ್ಲುತ್ತಾನೆ ಎಂದು ಕೇಳುವ ಬುದ್ಧಿ ಆಗ ನನಗಿರಲಿಲ್ಲ. ಅವನೂ ಅವನ ತಮ್ಮನೂ ಗಂಗೆಯನ್ನು ಗಾಡಿಗೆ ಹೇರಿ ಕೆರೆಯಾಚೆಯ ಮೂಳೆಬಂಡೆಗೆ ಹೊರಟರು. ನಾನು ಅಳುತ್ತಾ ಹಿಂದೆಯೇ ಓಡಿದೆ. ದಾರಿಯಲ್ಲಿ ಎದುರಾದ ಚಿಕ್ಕಪ್ಪ ಸೈಕಲ್ ನಿಲ್ಲಿಸಿ ನನ್ನನ್ನು ಹಿಡಿದುಕೊಂಡ. ಮನೆಗೆ ಎಳೆದೊಯ್ಯುತ್ತಾನೆ ಎಂದುಕೊಂಡೆ. ಅವನು ನನ್ನನ್ನು ಬಂಡೆಗೇ ಕರೆದುಕೊಂಡು ಹೋಗಿ, ದೂರದಲ್ಲಿ ಒಂದು ಹೊಂಗೆಮರದ ನೆರಳಿನಲ್ಲಿ ಕೂರಿಸಿದ. "ಅತ್ತು ಮುಗೀತಾ? ಈಗ ಮೇಲೆ ನೋಡು" ಎಂದ. ಮೇಲೆ ಏನೂ ಇರಲಿಲ್ಲ. ಖಾಲಿ, ಬಿಳಿಚಿದ ಆಕಾಶ. ನೋಡುತ್ತಾ ನೋಡುತ್ತಾ ಒಂದು ಚುಕ್ಕೆ ಮೂಡಿತು. ಅದರ ಪಕ್ಕ ಮತ್ತೊಂದು. ಆಮೇಲೆ ಅವು, ನಮ್ಮೂರಲ್ಲಿ ಬರೀ ಹದ್ದು ಎನ್ನುತ್ತಿದ್ದ ರಣಹದ್ದುಗಳು, ಸುತ್ತುತ್ತಾ ಕೆಳಗೆ ಬಂದವು. ನೆನೆದ ಜಮಖಾನವನ್ನು ಇಬ್ಬರು ಹಿಡಿದು ಕೊಡವಿದರೆ ಬರುವಂಥ ಸದ್ದು ಆ ರೆಕ್ಕೆಗಳದು. ಇಳಿದವು, ಬೋಳು ಕತ್ತು ನೀಡಿದವು, ಎರಡನೇ ಪಂಕ್ತಿಗೆ ಕಾದು ಸುಸ್ತಾದ ನೆಂಟರ ಹಾಗೆ ಒಂದನ್ನೊಂದು ತಳ್ಳಿಕೊಂಡು ಓಡಿದವು. ನಾನು ಕಣ್ಣು ಮುಚ್ಚಿಕೊಂಡು "ಥೂ, ಅಸಹ್ಯ" ಎಂದೆ. "ಅಸಹ್ಯ ಏನಿಲ್ಲ ಕಣೇ. ನಮ್ ಕೈಲಿ ಆಗದ ಕೆಲ್ಸ ಅವು ಮಾಡ್ತಾವೆ. ನಾಳೆ ಬಂದು ನೋಡು, ವಾಸನೇನೂ ಇರಲ್ಲ." ಮಾರನೆಯ ದಿನ ಹೋಗಿ ನೋಡಿದೆ. ತೊಳೆದಿಟ್ಟಂಥ ಬಿಳಿ ಮೂಳೆಗಳು, ಅಷ್ಟೇ. ಮನೆಗೆ ಬಂದು ಅಜ್ಜಿಗೆ ಹೇಳಿದರೆ ಅವಳು ಮೊರ ಕೆಳಗಿಟ್ಟು, "ಗಂಗೆ ನೆಲದಾಗಿಲ್ಲ ಕಣವ್ವ, ಮ್ಯಾಲೆ ಓಗವ್ಳೆ" ಎಂದಳು. ಅದರ ನಂತರ ಬಹಳ ದಿನ, ಎತ್ತರದಲ್ಲಿ ಹದ್ದು ತೇಲಿದರೆ ನಮ್ಮ ಹಸು ಹೋಗುತ್ತಿದೆ ಎಂದುಕೊಂಡು ನಾನು ಕೈಬೀಸುತ್ತಿದ್ದೆ.

ನನಗೆ ಹನ್ನೆರಡು ತುಂಬುವ ಹೊತ್ತಿಗೆ ಚಿಕ್ಕಪ್ಪನ ಚೀಲಕ್ಕೆ ನೋವಿನ ಹೊಸ ಇಂಜೆಕ್ಷನ್ ಒಂದು ಬಂತು. ಸಣ್ಣ ಗಾಜಿನ ಬಾಟಲಿ, ರಬ್ಬರಿನ ಮುಚ್ಚಳ. ಅದಕ್ಕೆ ಮುಂಚೆ ಕೀಲು ಊದಿದ ಎತ್ತುಗಳು ದಿನಗಟ್ಟಲೆ ಬಿದ್ದಲ್ಲೇ ನರಳುತ್ತಿದ್ದವು. ಚಿಕ್ಕಪ್ಪ ಬಿಸಿ ಉಪ್ಪಿನ ಕಾವು ಕೊಟ್ಟು, ಎಣ್ಣೆ ತಿಕ್ಕಿ, ಕೊನೆಗೆ ಏನೂ ತೋಚದೆ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದ. ಈಗ ಸೂಜಿ ಹಾಕಿದ ಮಾರನೆಯ ದಿನವೇ ದನ ಎದ್ದು ನಿಲ್ಲುತ್ತಿತ್ತು. ನಮ್ಮ ಎತ್ತು ಬಸವ ಏಳಲಾರದೆ ಮಲಗಿದ್ದಾಗ ಚಿಕ್ಕಪ್ಪ ಸಂಜೆ ಚುಚ್ಚಿದ. ಬೆಳಿಗ್ಗೆ ಅದು ನಿಂತುಕೊಂಡು ಗೋಡೆಯ ಮೇಲಿಂದ ಅಜ್ಜಿಯ ಸೆರಗನ್ನು ಎಳೆಯುತ್ತಿತ್ತು. ಅಜ್ಜಿ ತನ್ನ ಮಗನಿಗೇ ದೃಷ್ಟಿ ತೆಗೆದಳು. ದೂರದ ಊರುಗಳಿಂದ ಜನ ಅವನನ್ನು ಹುಡುಕಿಕೊಂಡು ಬಂದರು. ಬದುಕುವ ದನಕ್ಕೆ ಮಾತ್ರವಲ್ಲ, ಖಂಡಿತ ಸಾಯುತ್ತದೆ ಎಂದು ಗೊತ್ತಿದ್ದ ದನಕ್ಕೂ ಅವನು ಅದನ್ನು ಕೊಡುತ್ತಿದ್ದ. "ಸಾಯೋದು ಹೆಂಗೂ ಸಾಯುತ್ತೆ. ನರಳಿ ಯಾಕೆ ಸಾಯ್ಬೇಕು?" ಎನ್ನುತ್ತಿದ್ದ. ಅವನು ಆ ಮಾತು ಹೇಳುವಾಗ ಊರಿನಲ್ಲಿ ಇಷ್ಟು ಒಳ್ಳೆಯವನು ಮತ್ತೊಬ್ಬನಿಲ್ಲ ಎಂದು ನನಗೆ ಹೆಮ್ಮೆಯಾಗುತ್ತಿತ್ತು. ಈಗಲೂ ಹಾಗೇ ಅನ್ನಿಸುತ್ತದೆ, ಅದೇ ನನ್ನ ತೊಂದರೆ.

ಒಂದು ಮಧ್ಯಾಹ್ನ ಮುನಿಯಪ್ಪ ಬಾಗಿಲ ಹೊರಗೆ ನಿಂತು ಚಿಕ್ಕಪ್ಪನನ್ನು ಕರೆದ. "ಕಾಂಪೌಂಡ್ರೇ, ಅದ್ದುಗ್ಳು ಇಳೀತಾ ಇಲ್ಲ. ಮೂರ್ ದಿನಾಯ್ತು, ಎಮ್ಮೆ ಅಂಗೇ ಬಿದ್ದೈತೆ. ನಾಯಿ ಸೇರ್ಕೊಂಡವೆ." ಚಿಕ್ಕಪ್ಪ ಯೋಚಿಸಿ, "ಆಚೆ ಕಡೆ ಕಲ್ಲು ಸಿಡಿಸ್ತಾ ಇದಾರಲ್ಲ, ಆ ಸದ್ದಿಗೆ ಹೆದ್ರಿರ್ಬೇಕು. ಬರ್ತವೆ ಬಿಡು" ಎಂದ. ಹಾಗಿರಬಹುದು ಎಂದು ಎಲ್ಲರೂ ನಂಬಿದರು. ಕಲ್ಲುಕ್ವಾರಿ ಶುರುವಾಗಿದ್ದು ನಿಜ. ಹತ್ತಿರದಲ್ಲಿ ಕಾರ್ಖಾನೆಗಳಿಗೆ ಹೊಲ ಹೋಗಿ ದನಗಳು ಕಡಿಮೆಯಾಗಿದ್ದೂ ನಿಜ.

ಅದೇ ಮಳೆಗಾಲ ಮುಗಿದ ಮೇಲೆ ಶಾಲೆಯಿಂದ ಬರುವಾಗ ಕೆರೆ ಏರಿಯ ಹುಣಸೆಮರದಲ್ಲಿ ಒಂದು ರಣಹದ್ದು ಕೂತಿರುವುದನ್ನು ನಾನು ನೋಡಿದೆ. ಅದರ ಕತ್ತು ಎದೆಯ ಮೇಲೆ ಜೋತುಬಿದ್ದಿತ್ತು. ಕಲ್ಲೆಸೆದರೂ ಕದಲಲಿಲ್ಲ. ಎರಡನೆಯ ದಿನವೂ ಅಲ್ಲೇ ಇತ್ತು. ಮೂರನೆಯ ದಿನ ಮರದ ಬುಡದಲ್ಲಿ, ರೆಕ್ಕೆ ಅರ್ಧ ಬಿಚ್ಚಿಕೊಂಡು ಮಲಗಿತ್ತು. ನಾನು ಓಡಿಹೋಗಿ ಚಿಕ್ಕಪ್ಪನ ಅಂಗಿ ಹಿಡಿದು ಎಳೆದುಕೊಂಡು ಬಂದೆ. ಅವನು ಬಗ್ಗಿ ನೋಡಿ, "ಪಕ್ಷಿ ಔಷಧಿ ನಂಗೆ ಗೊತ್ತಿಲ್ಲ ಕಣೇ" ಎಂದ. ನಾನು ಬಿಡಲಿಲ್ಲ. "ಅದಕ್ಕೆ ನೋವಾಗ್ತಿದೆ ನೋಡು ಚಿಕ್ಕಪ್ಪ. ದನಕ್ಕೆ ಕೊಡೋದನ್ನೇ ಸ್ವಲ್ಪ ಕೊಡು. ಸ್ವಲ್ಪನೇ ಸ್ವಲ್ಪ." ಅವನು ಹಿಂದೆ ಮುಂದೆ ನೋಡಿದ. ನಾನು ಅತ್ತೆ. ನನ್ನ ಅಳು ಅವನಿಂದ ನೋಡಲಾಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಗೊತ್ತಿದ್ದೇ ಅತ್ತೆ. ಚಿಕ್ಕಪ್ಪ ಕೂಗಿ ಕರೆದ ಮುನಿಯಪ್ಪ ಗೋಣಿಚೀಲ ಹೊದಿಸಿ ರೆಕ್ಕೆಗಳನ್ನು ಒತ್ತಿ ಹಿಡಿದ. ಚಿಕ್ಕಪ್ಪ ಕಾಲಿನ ಮೇಲ್ಭಾಗಕ್ಕೆ ಸ್ಪಿರಿಟ್ ಒರೆಸಿ ಸೂಜಿ ಹಾಕಿದ. ಹಕ್ಕಿ ಒಮ್ಮೆ ಕಣ್ಣು ತೆರೆದು ನನ್ನನ್ನು ನೋಡಿತು. ಬೆಳಿಗ್ಗೆ ಹೋಗಿ ನೋಡಿದಾಗ ಸತ್ತಿತ್ತು. ನಾವು ಮೂವರೂ ಸೇರಿ ಅಲ್ಲೇ ಗುಂಡಿ ತೋಡಿ ಹೂಳಿದೆವು. "ನೋವಿಲ್ದೆ ಹೋಯ್ತು, ಅಷ್ಟಾದ್ರೂ ಆಯ್ತು" ಎಂದು ಚಿಕ್ಕಪ್ಪ ನನ್ನ ತಲೆ ಸವರಿದ. ಆ ಒಂದು ಮಾತಿನ ಸಮಾಧಾನದಲ್ಲಿ ನಾನು ಎಷ್ಟೋ ವರ್ಷ ಬದುಕಿದೆ.

ಅದಾದ ಮೇಲೆ ನಮ್ಮ ಕಡೆ ಯಾರೂ ರಣಹದ್ದನ್ನು ನೋಡಲಿಲ್ಲ. ಮೂಳೆಬಂಡೆಯಲ್ಲಿ ನಾಯಿಗಳು ಹೆಚ್ಚಾದವು, ಗಾಳಿ ಬೀಸಿದರೆ ಊರೆಲ್ಲ ನಾತ. ಕೆಲವೇ ವರ್ಷಗಳಲ್ಲಿ ಬಂಡೆಯೇ ಜಲ್ಲಿಯಾಗಿ ಲಾರಿ ಹತ್ತಿ ಹೋಯಿತು. ಅಜ್ಜಿ ಹೋದಳು. ಹಸುಗಳು ಒಂದೊಂದಾಗಿ ಹೋದವು. ಕೊನೆಯದನ್ನು ಕಳಿಸುವಾಗ ಅಮ್ಮ ಒಳಗಿನಿಂದ ಹೊರಗೆ ಬರಲೇ ಇಲ್ಲ. ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ನಮ್ಮ ಪಾಲಿಗೆ ಬಂದ ಫ್ಲ್ಯಾಟಿನಲ್ಲಿ ನಾನು, ನನ್ನ ಗಂಡ, ಸಿಂಧು. ಚಿಕ್ಕಮ್ಮ ತೀರಿಕೊಂಡ ಮೇಲೆ ಚಿಕ್ಕಪ್ಪ, ಸಿಂಧುವಿನ ಪಾಲಿಗೆ ತಾತ. ಕೊಟ್ಟಿಗೆ ಎಲ್ಲಿತ್ತೆಂದು ಈಗ ಹೇಳುವುದು ಕಷ್ಟ. ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವಾಗ ಕೆಲವೊಮ್ಮೆ, ಇಲ್ಲೇ ಇರಬೇಕು ಎನ್ನಿಸುತ್ತದೆ.

ಸಿಂಧು ಇನ್ನೂ ಮಡಿಲ ಕೂಸಾಗಿದ್ದಾಗ ಒಂದು ಬೆಳಿಗ್ಗೆ ಪತ್ರಿಕೆ ಓದುತ್ತಿದ್ದೆ. ದೇಶದ ತುಂಬ ರಣಹದ್ದುಗಳು ಯಾಕೆ ಇಲ್ಲವಾದವು ಎಂಬ ಬರಹ. ದನಗಳಿಗೆ ಕೊಡುತ್ತಿದ್ದ ಒಂದು ನೋವಿನ ಇಂಜೆಕ್ಷನ್. ಅದನ್ನು ಪಡೆದು ಸತ್ತ ದನವನ್ನು ತಿಂದ ಹದ್ದಿನ ಮೂತ್ರಪಿಂಡ ಕೆಟ್ಟು, ಕತ್ತು ಜೋಲುಬಿದ್ದು, ಕೆಲವೇ ದಿನಗಳಲ್ಲಿ ಸಾವು. ಜೋಲುಬಿದ್ದ ಕತ್ತು ಎಂಬಲ್ಲಿಗೆ ಬಂದು ನಾನು ನಿಂತುಬಿಟ್ಟೆ. ಚಿಕ್ಕಪ್ಪ ಆಗಲೇ ನಿವೃತ್ತನಾಗಿದ್ದ, ದಿನಾ ಬೆಳಿಗ್ಗೆ ಬಂದು ಪತ್ರಿಕೆ ಕೇಳುತ್ತಿದ್ದ. ಆ ಹಾಳೆಯನ್ನು ಮಡಚಿ ಅಕ್ಕಿ ಡಬ್ಬದ ಕೆಳಗೆ ಹಾಕಿದೆ. "ಇವತ್ತು ಪೇಪರ್ ಬಂದಿಲ್ಲ ಚಿಕ್ಕಪ್ಪ" ಎಂದೆ. ಅಂದಿನಿಂದ ಪ್ರಾಣಿಗಳ ಬಗ್ಗೆ ದುಃಖದ ಚಿತ್ರ ಟೀವಿಯಲ್ಲಿ ಯಾವುದು ಬಂದರೂ ನನಗೆ ಅಡುಗೆಮನೆಯಲ್ಲಿ ಹಾಲು ಉಕ್ಕುತ್ತಿರುವ ನೆನಪಾಗುತ್ತಿತ್ತು. ಎದ್ದುಹೋಗುತ್ತಿದ್ದೆ.

ಮಗಳು ನನಗೆ ವಿರುದ್ಧವಾಗಿ ಬೆಳೆದಳು. ಕಾಲೇಜು ಸೇರಿದ ಮೇಲೆ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ತಿಂಗಳಿಗೊಂದು ಭಾನುವಾರ ವನ್ಯಜೀವಿ ಚಿತ್ರ ತೋರಿಸುವ ಗುಂಪು ಕಟ್ಟಿದಳು. ಹೋದ ವರ್ಷ ಒಂದು ದಿನ ಲಿಫ್ಟಿನಲ್ಲಿ ಪೋಸ್ಟರ್ ನೋಡಿದೆ. ಬೋಳು ಕತ್ತಿನ ಒಂದು ಹಕ್ಕಿ, ಕೆಳಗೆ ಭಾನುವಾರ ನಾಲ್ಕು ಗಂಟೆ. ಮೇಲೆ ಬರುವಷ್ಟರಲ್ಲಿ ಸಿಂಧು ಬಾಗಿಲಲ್ಲೇ ನಿಂತಿದ್ದಳು. "ಅಮ್ಮ, ಈ ಸಲ ನೀನು ಬರ್ಲೇಬೇಕು. ತಾತನ್ನೂ ಕರ್ಕೊಂಡು ಬಾ. ಇಲ್ಲಿ ಹದ್ದು ಇದ್ದಿದ್ದನ್ನ ನೋಡಿರೋರು ಇಡೀ ಅಪಾರ್ಟ್‌ಮೆಂಟಲ್ಲಿ ನೀವಿಬ್ರೇ."

"ಅಳೋ ಪಿಚ್ಚರು ನಂಗೆ ಬೇಡ" ಎಂದೆ.

"ಅತ್ರೆ ಏನಾಗುತ್ತೆ?"

"ಏನೂ ಆಗಲ್ಲ, ಅದಕ್ಕೇ ಬೇಡ. ಅತ್ತು, ಮೂಗು ಒರೆಸ್ಕೊಂಡು, ಬಂದು ಬಜ್ಜಿ ತಿಂತೀವಿ. ಅದ್ರಿಂದ ಯಾವ ಹಕ್ಕಿಗೆ ಏನಾಯ್ತು?"

"ನೋಡ್ದೆ ಇದ್ರೆ ಮಾತ್ರ ಏನಾಗುತ್ತೆ? ಇಲ್ಲ ಅಂತ ಅಂದ್ಕೊಂಡು ಆರಾಮಾಗಿ ಇರ್ತೀಯ ಅಷ್ಟೇ."

ಆರಾಮಾಗಿ ಎಂಬ ಮಾತು ಚುಚ್ಚಿತು. ಅವಳನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ಎಲ್ಲ ಹೇಳಿದೆ. ಇಂಜೆಕ್ಷನ್, ಹುಣಸೆಮರ, ನನ್ನ ಅಳು, ಅಕ್ಕಿ ಡಬ್ಬ. ಅವಳು ಸಿಂಕಿನ ನಲ್ಲಿಯನ್ನು ತಿರುಗಿಸುತ್ತಾ ನಿಂತಿದ್ದಳು. "ಆಗ ಯಾರಿಗೂ ಗೊತ್ತಿರ್ಲಿಲ್ವಲ್ಲ ಅಮ್ಮ" ಎಂದಳು. ಆಮೇಲೆ, "ತಾತಂಗೆ ಹೇಳ್ಬೇಕಾಗಿತ್ತು" ಎಂದಳು. ಮತ್ತೆ ತಾನೇ, "ಬೇಡ, ಯಾಕೆ ಪಾಪ, ಈ ವಯಸ್ಸಲ್ಲಿ" ಎಂದಳು. ನಾನು ಇಷ್ಟು ವರ್ಷ ತಿರುಗಿದ ದಾರಿಯನ್ನೆಲ್ಲ ಅವಳು ನಲ್ಲಿಯ ಮುಂದೆ ನಿಂತು ಒಂದು ನಿಮಿಷದಲ್ಲಿ ತಿರುಗಿ ಬಂದಿದ್ದಳು. ಕೊನೆಗೆ ಚಿತ್ರ ಬದಲಿಸುವುದು, ಕಡಲಾಮೆಯದು ಯಾವುದೋ ಇದೆ, ಅದನ್ನು ಹಾಕುವುದು ಎಂದು ತೀರ್ಮಾನಿಸಿದೆವು. ಶನಿವಾರ ನನ್ನ ಮನಸ್ಸು ತಿರುಗಿತು. ಇನ್ನೂ ಎಷ್ಟು ಅಡಗಿಸುವುದು, ಅವಳು ಹಾಕಲಿ, ನಾವಿಬ್ಬರೂ ಹೋಗದೆ ಇದ್ದರಾಯಿತು ಎಂದೆ. ಅವಳು ಸರಿ ಎಂದಳು.

ಭಾನುವಾರ ಮೂರೂವರೆಗೆ ಚಿಕ್ಕಪ್ಪ ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿ ಹಾಲ್‌ನಲ್ಲಿ ಕೂತಿದ್ದ. ಎಲ್ಲಿಗೆ ಎಂದು ಕೇಳಿದೆ. "ಹದ್ದಿನ ಪಿಚ್ಚರ್ ಐತಂತಲ್ಲೇ, ಲಿಫ್ಟಲ್ಲಿ ಹಾಕವ್ರೆ. ನಂಗ್ಯಾಕೆ ಹೇಳ್ಲಿಲ್ಲ ನೀವು?" ಎಂದ. ಸಿಂಧು ಆಗಲೇ ಕೆಳಗೆ ಹೋಗಿದ್ದಳು. "ಅಳು ಬರೋ ಚಿತ್ರ ಅಂತೆ ಚಿಕ್ಕಪ್ಪ, ಬೇಡ" ಎಂದೆ. "ಇಷ್ಟ್ ವರ್ಷ ಆಯ್ತಲ್ಲೇ ನೋಡಿ. ಅಳು ಬಂದ್ರೆ ಬರ್ಲಿ" ಎಂದು ಚಪ್ಪಲಿ ಹುಡುಕತೊಡಗಿದ. ಅವನ ಮುಖದಲ್ಲಿ ನೆಂಟರ ಮನೆಗೆ ಹೊರಟವರ ಸಂಭ್ರಮವಿತ್ತು. ತಡೆಯಲು ಬೇಕಾದ ಒಂದೇ ಒಂದು ಕಾರಣವನ್ನು ನಾನು ಅವನಿಗೆ ಹೇಳುವಂತಿರಲಿಲ್ಲ. ಅವನ ಕೈ ಹಿಡಿದುಕೊಂಡು ಇಳಿದೆ.

ಚಿತ್ರ ಇಂಗ್ಲಿಷಿನಲ್ಲಿತ್ತು. ಮೊದಲರ್ಧ ಚಿಕ್ಕಪ್ಪ ಮಗುವಿನಂತೆ ನೋಡಿದ. ಹದ್ದುಗಳು ಇಳಿದಾಗ ನನ್ನ ಮೊಣಕೈ ತಿವಿದು, "ಅದೇ ಸದ್ದು, ಕೇಳಿಸ್ತಾ?" ಎಂದ. ನಾನು ಪರದೆಗಿಂತ ಅವನ ಮುಖವನ್ನೇ ಹೆಚ್ಚು ನೋಡುತ್ತಿದ್ದೆ. ಆಮೇಲೆ ಜೋಲುಬಿದ್ದ ಕತ್ತುಗಳು ಬಂದವು. ಮರದ ತುಂಬ. ವಿಜ್ಞಾನಿಯೊಬ್ಬಳು ಒಂದು ಸತ್ತ ಹಕ್ಕಿಯ ಮುಂದೆ ಕೂತು ಏನೋ ಹೇಳುತ್ತಿದ್ದಳು. ಚಿಕ್ಕಪ್ಪ ನನ್ನ ಕಡೆ ಬಾಗಿ, "ಏನಂತಾವ್ಳೆ ಆಯಮ್ಮ? ಯಾಕೆ ಸತ್ವಂತೆ?" ಎಂದು ಕೇಳಿದ. "ಏನೋ ಕಾಯಿಲೆ ಅಂತೆ ಚಿಕ್ಕಪ್ಪ. ಗಾಳೀಲಿ ಬರೋದಂತೆ." ಅವನು ಹೂಂ ಎಂದ. ಮರುಕ್ಷಣವೇ ಪರದೆಯ ತುಂಬ ಒಂದು ಸಣ್ಣ ಗಾಜಿನ ಬಾಟಲಿ ಬಂತು, ರಬ್ಬರಿನ ಮುಚ್ಚಳ, ಅಂಟಿಸಿದ ಚೀಟಿ. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡ. ಅವನ ತುಟಿಗಳು ಅಕ್ಷರ ಅಕ್ಷರವಾಗಿ ಕದಲಿದವು: ಡೈ-ಕ್ಲೋ-ಫೆ-ನಾಕ್. ಇಂಗ್ಲಿಷ್ ಮಾತು ಅವನಿಗೆ ಬಾರದು ಎಂದಷ್ಟೇ ನಾನು ಯೋಚಿಸಿದ್ದೆ. ಮೂವತ್ತು ವರ್ಷ ಔಷಧಿಯ ಬಾಟಲಿಗಳ ಮೇಲಿನ ಹೆಸರು ಓದಿಯೇ ಅವನು ಸಂಸಾರ ನಡೆಸಿದ್ದ ಎಂಬುದು ನನಗೆ ಹೊಳೆದೇ ಇರಲಿಲ್ಲ. ಅವನು ನನ್ನ ಕೈಯಿಂದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ.

ಚಿತ್ರ ಮುಗಿದು ದೀಪ ಹತ್ತಿದಾಗ ಕೆಲವರು ಮೂಗು ಒರೆಸಿಕೊಳ್ಳುತ್ತಿದ್ದರು. ಸಿಂಧು ನಮ್ಮನ್ನು ನೋಡಿ ಗಾಬರಿಯಾಗಿ ನಿಂತಿದ್ದಳು. ಅವಳ ಗೆಳತಿ ಏನೂ ತಿಳಿಯದೆ, ಈ ಊರಿನ ಹಿರಿಯರು ಬಂದಿದ್ದಾರೆ, ಎರಡು ಮಾತಾಡಲಿ ಎಂದು ಮೈಕು ತಂದು ಚಿಕ್ಕಪ್ಪನ ಕೈಗೆ ಕೊಟ್ಟುಬಿಟ್ಟಳು. ಅವನು ಎದ್ದು ನಿಂತ. ಮೈಕನ್ನು ಹೇಗೆ ಹಿಡಿಯಬೇಕೆಂದು ತಿಳಿಯದೆ ಎರಡೂ ಕೈಯಲ್ಲಿ ಹಿಡಿದುಕೊಂಡ. "ಇಲ್ಲಿ, ಕೆರೆ ಆಚೆ, ಬಂಡೆ ಇತ್ತು. ಅಲ್ಲಿಗೆ ಇವು ಬರೋವು" ಎಂದ. ಸಿಂಧು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಳು. "ನಾನು ಕಾಂಪೌಂಡರ್ ಆಗಿದ್ದೆ. ಆ ಬಾಟ್ಲು ನನ್ ಚೀಲದಲ್ಲೂ ಇತ್ತು. ಸುಮಾರು ದನಕ್ಕೆ ಹಾಕಿದೀನಿ. ಒಂದ್ ಸಲ ಹದ್ದಿಗೂ ಹಾಕಿದೀನಿ. ನೋವು ಹೋಗ್ಲಿ ಅಂತ." ಸಿಂಧು ನನ್ನ ಕಡೆ ನೋಡಿದಳು. "ಹೇಳಮ್ಮ ಅವ್ರಿಗೆ" ಎಂದ ಚಿಕ್ಕಪ್ಪ. ಅವಳು ತಡವರಿಸುತ್ತಾ ಹೇಳಿದಳು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಲು ಹೋಗಿ, ತಟ್ಟಬೇಕೋ ಬೇಡವೋ ತಿಳಿಯದೆ ನಿಲ್ಲಿಸಿದರು. ನನ್ನ ಹೆಸರನ್ನು ಅವನು ಎತ್ತಲಿಲ್ಲ.

ಹೊರಗೆ ಬಂದು ಈಜುಕೊಳದ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತೆವು. ಬಿಸಿಲು ಇನ್ನೂ ಇತ್ತು. "ನಿಂಗೆ ಮೊದ್ಲೇ ಗೊತ್ತಿತ್ತಾ?" ಎಂದು ಕೇಳಿದ. ಹೌದೆಂದು ತಲೆಯಾಡಿಸಿದೆ. "ಯಾವಾಗಿಂದ?" ಸಿಂಧು ಮಡಿಲಲ್ಲಿದ್ದಾಗಿನಿಂದ ಎಂದೆ. ಅವನು ಸಿಂಧುವಿನ ವಯಸ್ಸನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ರಿಟೈರ್ ಆದ್ಮೇಲೂ ಜನ ಕೇಳ್ಕೊಂಡು ಬರೋರು. ದನದ್ದು ಸಿಗೋದು ನಿಂತೋಯ್ತು, ಮೆಡಿಕಲ್ ಸ್ಟೋರಲ್ಲಿ ಮನುಷ್ರಿಗೆ ಕೊಡೋದು ಸಿಗೋದು. ಅದನ್ನೇ ತರ್ಸಿ ಹಾಕ್ತಿದ್ದೆ. ನಂಗೆ ಯಾರೂ ಹೇಳ್ಲಿಲ್ಲ."

"ಆಗ ನಮ್ ಕಡೆ ಹದ್ದೇ ಇರ್ಲಿಲ್ವಲ್ಲ ಚಿಕ್ಕಪ್ಪ" ಎಂದೆ.

"ರಾಮನಗರದ ಬೆಟ್ಟದಲ್ಲಿ ಇದ್ವಲ್ಲೇ ಸರೋಜಿ. ಅವಕ್ಕೆ ಇಲ್ಲಿಗೆ ಎಷ್ಟ್ ದೂರ?"

ಅವನ ನೋವು ತಪ್ಪಿಸಲು ನಾನು ಇಷ್ಟು ವರ್ಷ ಮುಚ್ಚಿಟ್ಟೆ. ಅವನೂ ನೋವು ತಪ್ಪಿಸಲೆಂದೇ ಸೂಜಿ ಹಿಡಿದವನು. ನಾನು ಅತ್ತದ್ದರಿಂದಲ್ಲವೇ ನೀನು ಅವತ್ತು ಚುಚ್ಚಿದ್ದು ಎಂದು ಕೇಳಿದೆ. "ನೀನು ಮಗು" ಎಂದಷ್ಟೇ ಹೇಳಿದ. ಅದು ಕ್ಷಮೆಯೋ, ಬರೀ ವಿವರವೋ, ನನಗೆ ಇವತ್ತಿಗೂ ತಿಳಿದಿಲ್ಲ.

ಮಂಕಾಗಿ ಮೂಲೆ ಹಿಡಿಯುತ್ತಾನೆ ಎಂದು ನಾನು ಹೆದರಿದ್ದೆ. ಆದದ್ದೇ ಬೇರೆ. ಮುಂದಿನ ಭಾನುವಾರ ಅವನೇ ಸಿಂಧುವನ್ನು ಮನೆಯ ಟೀವಿಯ ಮುಂದೆ ಕರೆದು, "ಇನ್ನೊಂದು ಹಾಕಮ್ಮ" ಎಂದ. ಕಡಲಾಮೆಯದು ನೋಡಿದ. ದೊಡ್ಡ ಹುಲ್ಲುಗಾವಲ ಹಕ್ಕಿಯದು ನೋಡಿದ, ಕರೆಂಟಿನ ತಂತಿಗೆ ಸಿಕ್ಕಿ ಸಾಯುವಂಥದು. ಜೀವಮಾನವಿಡೀ ನರಳುವ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡಿದ ಮನುಷ್ಯ ಈಗ ಸೋಫಾದ ತುದಿಯಲ್ಲಿ ಕೂತು, ಕಣ್ಣೀರನ್ನು ಒರೆಸಿಕೊಳ್ಳದೆ ನೋಡುತ್ತಿದ್ದ. ಮುಗಿದ ಮೇಲೆ ಸಿಂಧುವಿಗೆ ಪ್ರಶ್ನೆಗಳು: ಇನ್ನೂ ಎಷ್ಟು ಉಳಿದಿವೆ, ಯಾರು ನೋಡ್ಕೊತಿದ್ದಾರೆ, ನೋವಿಗೆ ಈಗ ಯಾವ ಔಷಧಿ ಕೊಡ್ತಾರೆ. ನಾನು ಮಾತ್ರ ಅಡುಗೆಮನೆಯ ಬಾಗಿಲಲ್ಲಿ, ಅರ್ಧ ಒಳಗೆ ಅರ್ಧ ಹೊರಗೆ. ಅವನು ಕರೆಯುತ್ತಿರಲಿಲ್ಲ. ನಾನು ಕೂರುತ್ತಿರಲಿಲ್ಲ. ಕೂತಿದ್ದರೆ ಏನಾಗುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅವನ ಪಕ್ಕದಲ್ಲಿ ಜಾಗವೂ ಇತ್ತು.

ತೀರಿಕೊಳ್ಳುವುದಕ್ಕೆ ಒಂದೂವರೆ ತಿಂಗಳ ಮುಂಚೆ, ರಾಮನಗರಕ್ಕೆ ಕರೆದುಕೊಂಡು ಹೋಗು ಎಂದ. ಅಲ್ಲಿ ಇನ್ನೂ ಕೆಲವು ಉಳಿದಿವೆಯಂತೆ ಎಂದು ಸಿಂಧು ಹೇಳಿದ್ದಳು. ನನ್ನ ಗಂಡ ಕಾರು ಓಡಿಸಿದರು. ಬೆಟ್ಟ ಹತ್ತಲು ಅವನಿಂದ ಆಗುವಂತಿರಲಿಲ್ಲ. ಕೆಳಗೆ ರಸ್ತೆಯ ಬದಿಯಲ್ಲಿ ಕುರ್ಚಿ ಹಾಕಿ ಕೂರಿಸಿದೆವು. ಬೆಳಗಿನ ಹತ್ತು ಗಂಟೆಯ ಬಿಸಿಲು, ಬಂಡೆಗಳ ಮೇಲೆ ಹಕ್ಕಿಗಳ ಹಿಕ್ಕೆಯ ಬಿಳಿ ಗೆರೆಗಳು. ಬಹಳ ಹೊತ್ತಿನ ಮೇಲೆ ತುದಿಯ ಬಂಡೆಯ ಹಿಂದಿನಿಂದ ಏನೋ ಒಂದು ಮೇಲೆದ್ದು ನಿಧಾನವಾಗಿ ಸುತ್ತತೊಡಗಿತು. ಚಿಕ್ಕಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಕೈಯನ್ನು ಹಣೆಗೆ ಅಡ್ಡ ಹಿಡಿದು, "ಇದೆಯಾ? ಅದೇನಾ?" ಎಂದ.

ನಾನು ನೋಡಿದೆ. ರೆಕ್ಕೆ ಅಗಲವಿದ್ದಂತಿತ್ತು. ಗರುಡವೂ ಇರಬಹುದು, ಸಾಮಾನ್ಯ ಹದ್ದೂ ಇರಬಹುದು. ಅಷ್ಟು ಎತ್ತರದಲ್ಲಿ ಬಾಲದ ಆಕಾರ ಕಾಣುತ್ತಿರಲಿಲ್ಲ. ಹೌದು ಎನ್ನುವುದು ಬಹಳ ಸುಲಭವಿತ್ತು. ಅವನು ಮುಖವನ್ನು ಮೇಲೆತ್ತಿ, ಬಾಯಿ ಸ್ವಲ್ಪ ತೆರೆದು, ನನ್ನ ಮಾತಿಗೆ ಕಾಯುತ್ತಿದ್ದ.

"ಗೊತ್ತಾಗ್ತಿಲ್ಲ ಚಿಕ್ಕಪ್ಪ" ಎಂದೆ.

"ಸರಿ" ಎಂದ. "ಹೋಗೋವರ್ಗೂ ನೋಡ್ತಿರು."

ಅವನು ಕುರ್ಚಿಯ ಹಿಂಬದಿಗೆ ತಲೆ ಒರಗಿಸಿ ಕಣ್ಣು ಮುಚ್ಚಿಕೊಂಡ. ನಾನು ನೋಡುತ್ತಾ ನಿಂತೆ. ಅದು ಇನ್ನೂ ಎರಡು ಸುತ್ತು ಸುತ್ತಿ, ಬಿಸಿಲಿನೊಳಕ್ಕೆ ಸರಿದು, ಎಲ್ಲಿ ಹೋಯಿತೆಂದು ತಿಳಿಯದ ಹಾಗೆ ಹೋಯಿತು.